ಅಮ್ಮನ ಬೆಳಗಿನ ಕೈಗಳು

“ಹಿಡಿ,” ಎಂದಳು ಧನು. ತನ್ನ ತೋರುಬೆರಳನ್ನು ಅಮ್ಮನ ಅಂಗೈ ಮೇಲಿಟ್ಟು ಕಾದಳು.

ಅಮ್ಮನ ಬೆರಳುಗಳು ಮಡಚಿಕೊಳ್ಳಲು ಹೊರಟವು. ಅರ್ಧ ದಾರಿಗೆ ಬಂದು ನಿಂತುಬಿಟ್ಟವು. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದಲ್ಲ, ಹಾಗೆ.

“ಇಷ್ಟೇನಾ?”

“ಇವತ್ತು ಇಷ್ಟೇ.”

“ನಿನ್ನೆ ಇದಕ್ಕಿಂತ ಗಟ್ಟಿ ಇತ್ತು.”

“ನಿನ್ನೆ ಕತೆ ಬುಡು. ಬಾ, ಕೊಕ್ಕೆ ಹಾಕು. ಟೈಮಾಯ್ತು.”

ಅಮ್ಮನ ರವಿಕೆಗೆ ಐದು ಕೊಕ್ಕೆ. ಧನು ಕೆಳಗಿನಿಂದ ಶುರು ಮಾಡಿ ಒಂದೊಂದಾಗಿ ಹಾಕಿದಳು. ಬೇರೆ ಮನೆಗಳಲ್ಲಿ ಅಮ್ಮಂದಿರು ಮಕ್ಕಳಿಗೆ ಗುಂಡಿ ಹಾಕುತ್ತಾರೆ. ಇಲ್ಲಿ ಐದನೇ ಕ್ಲಾಸಿನ ಧನಲಕ್ಷ್ಮಿ ಅಮ್ಮನಿಗೆ ಕೊಕ್ಕೆ ಹಾಕುತ್ತಾಳೆ. ಆಮೇಲೆ ಬೋಗುಣಿಗೆ ಬಿಸಿನೀರು ಸುರಿದು, ಉಪ್ಪು ಹಾಕಿ, ಅಮ್ಮನ ಮುಂದಿಡುತ್ತಾಳೆ. ಅಮ್ಮ ಎರಡೂ ಕೈಗಳನ್ನು ಅದರಲ್ಲಿ ಮುಳುಗಿಸಿ ಸುಮ್ಮನೆ ಕೂರುತ್ತಾಳೆ. ಅಷ್ಟರಲ್ಲಿ ಧನು ತನ್ನ ಜಡೆ ತಾನೇ ಹಾಕಿಕೊಳ್ಳಬೇಕು. ಎಡಗಡೆಯದು ಸರಿಯಾಗಿ ಬರುತ್ತದೆ. ಬಲಗಡೆಯದು ಯಾವಾಗಲೂ ಕಿವಿಯ ಹಿಂದೆ ಸೊಟ್ಟಗೆ ನಿಲ್ಲುತ್ತದೆ.

ಕಾಯಿಲೆಗೆ ಒಂದು ದೊಡ್ಡ ಹೆಸರಿತ್ತು. ರುಮಟಾಯ್ಡ್ ಆರ್ಥ್ರೈಟಿಸ್. ತುಮಕೂರಿನ ಡಾಕ್ಟರು ಹೇಳಿದ್ದನ್ನು ಧನು ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಳು.

“ನಿಮ್ಮೆಜಮಾನ್ರು ಏನ್ ಮಾಡ್ತಾರಮ್ಮ?” ಎಂದು ಡಾಕ್ಟರು ಅವತ್ತು ಕೇಳಿದ್ದರು.

“ಕುರಿ ಸಾರ್.”

“ಸರಿ. ಕುರಿ ಕಾಯೋಕೆ ನಾಯಿ ಇರುತ್ತಲ್ಲ? ಆ ನಾಯಿ ತಲೆ ಕೆಟ್ಟು ನಿಮ್ಮ ಕುರಿಗಳನ್ನೇ ಕಚ್ಚಿದ್ರೆ ಹೇಗೆ? ನಿಮ್ಮ ಮೈಯೊಳಗೆ ಹಾಗಾಗಿದೆ. ಮೈ ಕಾಯಬೇಕಾದ್ದೇ ಕೀಲುಗಳನ್ನ ಕಚ್ತಾ ಇದೆ. ಆ ನಾಯಿನ ಕೊಲ್ಲೋಕಾಗಲ್ಲ. ಕಟ್ಟಿ ಹಾಕಬಹುದು. ಈ ಮಾತ್ರೆ ಹಗ್ಗ ಇದ್ದಂಗೆ. ವಾರಕ್ಕೆ ಒಂದೇ ದಿನ ತಗೋಬೇಕು. ಮರೀಬೇಡಿ.”

ಹಳದಿ ಮಾತ್ರೆಯ ದಿನ ಭಾನುವಾರ. ಸೋಮವಾರವೆಲ್ಲ ಅಮ್ಮನಿಗೆ ಹೊಟ್ಟೆ ತೊಳಸುತ್ತಿತ್ತು. ಅದಲ್ಲದೆ ಕೆಂಪು ಮಾತ್ರೆ ಬೇರೆ ಇತ್ತು. ನೋವು ತಡೆಯಲು ಆಗದೇ ಇದ್ದರೆ ಮಾತ್ರ, ಅದೂ ಒಂದೇ ಒಂದು.

ಅಪ್ಪ ರಾಜಣ್ಣ ಕುರಿ ಹೊಡೆದುಕೊಂಡು ಪಾವಗಡದ ಆಚೆಗೆ, ಆಂಧ್ರದ ಕಡೆಗೆ ಹೋಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಇವರಿಬ್ಬರೇ.

“ಸ್ಕೂಲಲ್ಲಿ ಯಾರ್‌ಗೂ ಹೇಳ್ಬ್ಯಾಡ,” ಎಂದು ಅಮ್ಮ ದಿನಾ ಹೇಳುತ್ತಿದ್ದಳು. ಇವತ್ತೂ ಹೇಳಿದಳು. “ಗೊತ್ತಾದ್ರೆ ಕೆಲಸ ಓಯ್ತದೆ.”

*

ಚನ್ನರಾಯನದುರ್ಗದ ಬೆಟ್ಟದ ಈಚೆಗಿನ ಅವರ ಹಟ್ಟಿಯ ಶಾಲೆಯಲ್ಲಿ ಮೂವತ್ತೆಂಟು ಮಕ್ಕಳು. ಬಿಸಿಯೂಟಕ್ಕೆ ಇಬ್ಬರು ಅಡುಗೆಯವರು. ಒಬ್ಬಳು ಕರಿಯಕ್ಕ, ಇನ್ನೊಬ್ಬಳು ಧನುವಿನ ಅಮ್ಮ ಯಶೋದ. ಅನ್ನ, ಸಾಂಬಾರು ಕರಿಯಕ್ಕನದು. ತರಕಾರಿ, ಮೊಟ್ಟೆ ಅಮ್ಮನದು.

ಮೊಟ್ಟೆ ತಿನ್ನದ ಐದು ಮಕ್ಕಳಿಗೆ ಬಾಳೆಹಣ್ಣು. ಉಳಿದದ್ದು ಮೂವತ್ತಮೂರು ಮೊಟ್ಟೆ. ಅವನ್ನು ಬೇಯಿಸಿ, ಸುಲಿದೇ ಕೊಡಬೇಕು. ಅದು ಹೆಡ್‌ಮೇಷ್ಟ್ರು ವೆಂಕಟರಾಮಯ್ಯನವರ ಕಟ್ಟುನಿಟ್ಟು. ಸಿಪ್ಪೆ ಇದ್ದರೆ ಮಕ್ಕಳು ತಿನ್ನುವುದಿಲ್ಲ. ಜೇಬಿಗೆ ಹಾಕಿಕೊಂಡು ಮನೆಯಲ್ಲಿರುವ ತಮ್ಮಂದಿರಿಗೆ, ತಂಗಿಯರಿಗೆ ಒಯ್ಯುತ್ತಾರೆ. “ಮೊಟ್ಟೆ ಮಗುವಿನ ಹೊಟ್ಟೆಗೆ ಹೋಗಿದ್ದನ್ನ ನಾನು ಕಣ್ಣಾರೆ ನೋಡಬೇಕು,” ಎಂದು ಮೇಷ್ಟ್ರು ಹೇಳುತ್ತಿದ್ದರು. ಅವರದು ಇನ್ನೊಂದು ನಿಯಮವೂ ಇತ್ತು. ಮಕ್ಕಳು ಅಡುಗೆಕೋಣೆಗೆ ಕಾಲಿಡಬಾರದು.

ಇಂಟರ್‌ವಲ್ ಬೆಲ್ಲು ಹೊಡೆದ ಕೂಡಲೇ ಧನು ಟಾಯ್ಲೆಟ್ಟಿನ ಕಡೆ ಓಡುವವಳಂತೆ ಓಡಿ, ಗೋಡೆಯ ಮರೆಗೆ ತಿರುಗಿ, ಅಡುಗೆಕೋಣೆಯ ಹಿಂಬಾಗಿಲಿಗೆ ಹೋಗುತ್ತಿದ್ದಳು. ಅಲ್ಲಿ ನೀರು ತುಂಬಿದ ಪಾತ್ರೆಯಲ್ಲಿ ಮೊಟ್ಟೆಗಳಿರುತ್ತಿದ್ದವು. ತಟ್ಟು, ಉಗುರು ಹಾಕು, ಎಳೆ. ತಟ್ಟು, ಉಗುರು ಹಾಕು, ಎಳೆ. ಹದಿನೈದು ನಿಮಿಷಕ್ಕೆ ಇಪ್ಪತ್ತು ಮೊಟ್ಟೆ. ಉಳಿದ ಹದಿಮೂರನ್ನು ಅಮ್ಮ ಹೇಗೋ ಮುಗಿಸುತ್ತಿದ್ದಳು.

“ನಂಗೇನೂ ಕಾಣಲ್ಲ ಕಣಮ್ಮಿ,” ಎನ್ನುತ್ತಿದ್ದಳು ಕರಿಯಕ್ಕ, ಒಲೆ ಕಡೆಯಿಂದ ತಿರುಗದೆ. “ಕಣ್ಣಿಗೆಲ್ಲ ಹೊಗೆ.”

ಒಲೆ ಗ್ಯಾಸಿನದು. ಹೊಗೆಯೇ ಇರುತ್ತಿರಲಿಲ್ಲ.

ಕ್ಲಾಸಿಗೆ ವಾಪಸ್ ಬಂದರೆ ಪಕ್ಕದ ಸಾಲಿನ ಹಾಲೇಶ ಮೂಗು ಮುಚ್ಚಿಕೊಳ್ಳುತ್ತಿದ್ದ.

“ಬಂದ್ಲಪ್ಪ ಕೋಳಿ! ಇವತ್ತು ಎಷ್ಟ್ ಮೊಟ್ಟೆ ಇಟ್ಟೆ?”

“ಸುಮ್ನಿರ್ಲಾ.”

“ನಂಗೆಲ್ಲ ಗೊತ್ತು. ನಿಮ್ಮಮ್ಮ ಕೂತಿರ್ತದೆ, ನೀನು ಸುಲೀತೀಯ.”

“ನಮ್ಮಮ್ಮಂಗೆ ಬೆಳಿಗ್ಗೆ ಹೊತ್ತು ಕೈ ನೋವು.” ಹೇಳಿದ ಮೇಲೆ ಧನು ನಾಲಗೆ ಕಚ್ಚಿಕೊಂಡಳು.

ಹಾಲೇಶ ಕಣ್ಣರಳಿಸಿದ. “ಬೆಳಿಗ್ಗೆ ಮಾತ್ರ ಬರೋ ಕಾಯಿಲೆನಾ? ನಂಗೂ ಐತೆ ಕಣೇ. ಮಗ್ಗಿ ಹೇಳೋ ಟೈಮಿಗೆ ಸರಿಯಾಗಿ ಬತ್ತದೆ!”

ಹಿಂದಿನ ಬೆಂಚಿನವರು ನಕ್ಕರು. ಧನು ಪುಸ್ತಕ ತೆರೆದು ಮುಖ ಅದರೊಳಗೆ ಇಟ್ಟಳು. ಬೆರಳುಗಳಿಂದ ನಿಜವಾಗಿಯೂ ಮೊಟ್ಟೆ ವಾಸನೆ ಬರುತ್ತಿತ್ತು.

*

ಅವತ್ತು ಸಂಜೆ ಪಕ್ಕದ ಮನೆಯ ಲಕ್ಷ್ಮಕ್ಕನ ಮೊಮ್ಮಗುವಿಗೆ ತೊಟ್ಟಿಲು ಶಾಸ್ತ್ರ. ನೆಂಟರು ತುಂಬಿದ್ದರು. ಬಾಡಿನ ಸಾರು, ಹಿಟ್ಟು. ಹಟ್ಟಿಯಲ್ಲಿ ರಾಗಿಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು.

“ಯಶೋದಕ್ಕ, ನೀನೇ ಬಂದು ಹಿಟ್ಟು ತೊಳಸ್ಬೇಕು ಕಣಮ್ಮ,” ಎಂದು ಲಕ್ಷ್ಮಕ್ಕ ಬಾಗಿಲಿಗೇ ಬಂದು ಕರೆದಿದ್ದಳು. “ಬ್ಯಾರೆಯೋರು ತೊಳಸಿದ್ರೆ ಬರೀ ಗಂಟು. ನಿನ್ನ ಕೈದು ಬೆಣ್ಣೆ.”

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ, “ನೀನ್ ನಡಿ, ಬತ್ತೀನಿ,” ಎಂದು ಒಳಗೆ ಹೋಗಿ ನೀರು ಕುಡಿದು ಬಂದಳು.

ಧನು ಹಿತ್ತಿಲಲ್ಲಿ ನಿಂತು ನೋಡಿದಳು. ದೊಡ್ಡ ತಪ್ಪಲೆಯನ್ನು ಕಾಲಡಿಯ ಕವೆಗೋಲಿನಿಂದ ಅದುಮಿ ಹಿಡಿದು, ಅಮ್ಮ ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ತಿರುವುತ್ತಿದ್ದಳು. ಭುಜ ಏಳುತ್ತಿತ್ತು, ಬೀಳುತ್ತಿತ್ತು. ಹಸಿರು ಬಳೆಗಳು ಗಲಗಲ ಅನ್ನುತ್ತಿದ್ದವು. ಯಾರೋ ಏನೋ ತಮಾಷೆ ಮಾಡಿದರು. ಅಮ್ಮ ಬಾಯ್ತುಂಬ ನಕ್ಕಳು. ಅಮ್ಮ ಹೀಗೆ ನಕ್ಕಿದ್ದು ಯಾವಾಗ ಎಂದು ಧನುವಿಗೆ ನೆನಪಾಗಲಿಲ್ಲ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಬೆಳಿಗ್ಗೆ ನನ್ನ ಒಂದು ಬೆರಳು ಹಿಡಿಯಲು ಆಗದ ಕೈಗೆ ಇದು ಹೇಗೆ ಆಗುತ್ತದೆ?

“ನೋಡ್ದಾ?” ಹಾಲೇಶ ಪಕ್ಕಕ್ಕೆ ಬಂದು ನಿಂತಿದ್ದ. ಈ ಸಲ ಅವನು ನಗುತ್ತಿರಲಿಲ್ಲ. ಅದರಿಂದಲೇ ಹೆಚ್ಚು ನೋವಾಯಿತು. “ಎಷ್ಟ್ ಗಟ್ಟಿ ಐತೆ ನಿಮ್ಮಮ್ಮ. ನಿನ್ ಕೈಲಿ ಕೆಲಸ ಮಾಡಿಸ್ಕೊಳಾಕೆ ಅಂಗಂತದೆ, ಅಷ್ಟೇ. ನಮ್ಮವ್ವನೂ ಅದೇ ಅಂತು.”

ಧನು ಊಟಕ್ಕೆ ಕೂತಳು. ಹಿಟ್ಟಿನಲ್ಲಿ ಒಂದು ಗಂಟೂ ಇರಲಿಲ್ಲ.

*

ಮರುದಿನ ಬೆಳಿಗ್ಗೆ ಅಮ್ಮ ಎದ್ದು ಕೂರಲಿಕ್ಕೇ ಗೋಡೆ ಹಿಡಿಯಬೇಕಾಯಿತು.

ಧನು ಬೆರಳು ಚಾಚಲಿಲ್ಲ. ಅಮ್ಮನೇ ಅಂಗೈ ಮುಂದೆ ಮಾಡಿದಳು. “ಯಾಕಮ್ಮಿ, ಇವತ್ತು ನೋಡಲ್ವಾ?”

“ಏನ್ ನೋಡೋದು? ನಿನ್ನೆ ಹಿಟ್ಟು ತೊಳಸ್ದಲ್ಲ!”

ಅಮ್ಮ ಅಂಗೈ ಹಿಂದಕ್ಕೆ ತೆಗೆದುಕೊಂಡಳು.

“ಲಕ್ಷ್ಮಕ್ಕನ ಮನೆಗಾದ್ರೆ ಆಯ್ತದೆ. ಸ್ಕೂಲಿಗಾದ್ರೆ ಆಗಲ್ಲ. ಎಲ್ರೂ ನನ್ನ ಕೋಳಿ ಅಂತಾರೆ, ಗೊತ್ತಾ ನಿಂಗೆ? ನಾನು ಇವತ್ತು ಬರಲ್ಲ. ನೀನೇ ಸುಲ್ಕೋ.”

ಕೊಕ್ಕೆ ಹಾಕಿದಳು. ಬಿಸಿನೀರು ಇಟ್ಟಳು. ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಳು. ಬಾಗಿಲು ದಾಟುವಾಗ ತಿರುಗಿ ನೋಡಿದಳು. ಬೋಗುಣಿಯಿಂದ ಏಳುತ್ತಿದ್ದ ಹಬೆಯಲ್ಲಿ ಅಮ್ಮನ ಮುಖ ಸರಿಯಾಗಿ ಕಾಣಲಿಲ್ಲ.

ಇಂಟರ್‌ವಲ್ ಬೆಲ್ಲಾಯಿತು. ಧನು ಬೆಂಚು ಬಿಟ್ಟು ಏಳಲಿಲ್ಲ. ಇವತ್ತು ಗೊತ್ತಾಗಲಿ, ಅಂದುಕೊಂಡಳು. ಏನು ಗೊತ್ತಾಗಬೇಕು ಎಂದು ಅವಳಿಗೂ ಸ್ಪಷ್ಟವಾಗಿರಲಿಲ್ಲ. ಹದಿನೈದು ನಿಮಿಷ ಬಹಳ ಉದ್ದವಿತ್ತು. ಕಿಟಕಿಯಿಂದ ಅಡುಗೆಕೋಣೆಯ ಹಿಂಬಾಗಿಲ ತುದಿ ಕಾಣುತ್ತಿತ್ತು. ಅದು ತೆರೆದೇ ಇತ್ತು.

ಊಟದ ಹೊತ್ತಿಗೆ ಜಗಲಿಯಲ್ಲಿ ಸಾಲಾಗಿ ಕೂತರು. ಅನ್ನ ಬಂತು. ಸಾಂಬಾರು ಬಂತು. ಆಮೇಲೆ ಕರಿಯಕ್ಕ ಮೊಟ್ಟೆಯ ಬುಟ್ಟಿ ಹಿಡಿದು ಬಂದಳು. ಧನುವಿನ ತಟ್ಟೆಗೆ ಬಿದ್ದ ಮೊಟ್ಟೆ ಟಣ್ ಎಂದಿತು.

ಸಿಪ್ಪೆ ಹಾಗೇ ಇತ್ತು.

“ಐ! ಸಿಪ್ಪೆ ಮೊಟ್ಟೆ!” ಯಾರೋ ಕೂಗಿದರು. ಒಬ್ಬ ಹುಡುಗಿ ತನ್ನದನ್ನು ಆಗಲೇ ಲಂಗದ ಜೇಬಿಗೆ ಸೇರಿಸಿದ್ದಳು. ಹಾಲೇಶನ ಜೇಬೂ ಉಬ್ಬಿತ್ತು. ಜಗಲಿಯೆಲ್ಲ ಗುಸುಗುಸು, ನಗು.

ವೆಂಕಟರಾಮಯ್ಯ ಮೇಷ್ಟ್ರು ಆಫೀಸಿನಿಂದ ಹೊರಗೆ ಬಂದರು. ತಟ್ಟೆಗಳನ್ನು ನೋಡಿದರು. ಜೇಬುಗಳನ್ನು ನೋಡಿದರು.

“ಯಶೋದಮ್ಮ, ಏನಿದು?”

ಅಮ್ಮ ಬಾಗಿಲಿಗೆ ಬಂದು ನಿಂತಳು. ಎರಡೂ ಕೈ ಸೆರಗಿನೊಳಗಿದ್ದವು. “ಲೇಟಾಗ್ಬುಡ್ತು ಸಾ.”

“ನಿನ್ನೆ ಯಾರದೋ ಮನೇಲಿ ಐವತ್ತು ಜನಕ್ಕೆ ಮುದ್ದೆ ಮಾಡಿದ್ರಂತೆ. ಅದಕ್ಕೆ ಲೇಟಾಗಲಿಲ್ಲ. ಮಕ್ಕಳ ಮೊಟ್ಟೆ ಅಂದ್ರೆ ಮಾತ್ರ ಲೇಟಾ?”

ಅಮ್ಮ ನೆಲ ನೋಡಿದಳು. ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಧನು ಕಾದಳು. ಅಮ್ಮ ಹೇಳಲೇ ಇಲ್ಲ.

ಧನು ಎದ್ದು ನಿಂತಳು. ತಟ್ಟೆ ಕಾಲಿಗೆ ತಾಗಿ ಸಾಂಬಾರು ಚೆಲ್ಲಿತು.

“ಸಾರ್, ತಪ್ಪು ನಂದು ಸಾರ್. ಅಮ್ಮಂದಲ್ಲ. ದಿನಾ ನಾನೇ ಸುಲೀತಿದ್ದೆ. ಇವತ್ತು ನಾನು ಹೋಗ್ಲಿಲ್ಲ.”

ಕರಿಯಕ್ಕ ಕಣ್ಣು ಮುಚ್ಚಿಕೊಂಡಳು. ಅದನ್ನು ನೋಡಿದಾಗ ಧನುವಿಗೆ ತಾನು ಏನು ಮಾಡಿದೆ ಎಂಬುದು ಗೊತ್ತಾಯಿತು. ಅಮ್ಮನನ್ನು ಉಳಿಸಲು ಹೋಗಿ, ಅಮ್ಮ ಒಂದೂವರೆ ವರ್ಷ ಮುಚ್ಚಿಟ್ಟಿದ್ದನ್ನು ಬಿಚ್ಚಿಟ್ಟಿದ್ದಳು.

“ದಿನಾ?” ಮೇಷ್ಟ್ರ ದನಿ ಇಳಿದಿತ್ತು. “ಮಗೂನ ಒಲೆ ಹತ್ರ ಬಿಟ್ಕೊಂಡು... ಯಾಕಮ್ಮ?”

“ನನ್ ಕೈ ಬರಲ್ಲ ಸಾ,” ಎಂದಳು ಅಮ್ಮ. “ಕೀಲುವಾತ. ಬೆಳಿಗ್ಗೆ ಹೊತ್ತು ಬೆರಳು ಮಡಚಾಕಾಗಲ್ಲ.”

“ಎಲ್ಲಿ, ನೋಡಾಣ.”

ಅಮ್ಮ ಸೆರಗಿನಿಂದ ಕೈ ತೆಗೆದಳು. ಮೂವತ್ತೆಂಟು ಮಕ್ಕಳು ಕತ್ತು ಚಾಚಿ ನೋಡಿದರು. ಧನುವೂ ನೋಡಿದಳು. ಗಾಯವಿರಲಿಲ್ಲ. ಬ್ಯಾಂಡೇಜು ಇರಲಿಲ್ಲ. ಹಸಿರು ಬಳೆ ಹಾಕಿಕೊಂಡ ಎರಡು ಕೈ.

“ಚೆನ್ನಾಗೇ ಇದಾವಲ್ಲಮ್ಮ,” ಎಂದರು ಮೇಷ್ಟ್ರು. ಬೈಯುವ ದನಿ ಅದಾಗಿರಲಿಲ್ಲ. ಅವರಿಗೆ ನಿಜವಾಗಿಯೂ ಏನೂ ಕಂಡಿರಲಿಲ್ಲ.

*

ಊಟವಾದ ಮೇಲೆ ಧನು ತನ್ನ ಮೊಟ್ಟೆ ಹಿಡಿದುಕೊಂಡು ಹಿಂಬಾಗಿಲಿಗೆ ಹೋದಳು. ಅಮ್ಮ ಅಲ್ಲಿರಲಿಲ್ಲ. ಮೇಷ್ಟ್ರು ಆಫೀಸಿಗೆ ಕರೆದಿದ್ದರು. ಕರಿಯಕ್ಕ ಪಾತ್ರೆ ಉಜ್ಜುತ್ತಿದ್ದಳು.

“ಅದ್ರಾಗೆ ನೋಡು,” ಎಂದಳು ಕರಿಯಕ್ಕ.

ಸಣ್ಣ ಬಟ್ಟಲಲ್ಲಿ ಸುಲಿದ ಮೊಟ್ಟೆಗಳಿದ್ದವು. ಮೈಯೆಲ್ಲ ತೂತು, ಕಿತ್ತುಹೋದ ಬಿಳಿ. ಇಲಿ ತಿಂದು ಬಿಟ್ಟ ಹಾಗೆ. ಪಕ್ಕದಲ್ಲಿ ಸಿಪ್ಪೆ, ರವೆಯಷ್ಟು ಸಣ್ಣದು.

“ಒಂಬತ್ತು. ಎರಡು ಗಂಟೆ ಹೊತ್ತು ಕೂತು ಒಂಬತ್ತು ಸುಲಿದ್ಲು ನಿಮ್ಮಮ್ಮ. ಇವನ್ನ ಮಕ್ಳಿಗೆ ಹೆಂಗೆ ಬಡ್ಸಾದು? ಒಂಬತ್ತು ಮಕ್ಳಿಗೆ ಬಾಳೆಹಣ್ಣೇ ಕೊಟ್ಟೆ. ನಾನು ಸುಲೀತೀನಿ ಬುಡು ಅಂದೆ. ಬ್ಯಾಡ, ನೀನು ಒಲೆ ನೋಡ್ಕೋ, ಧನು ಬತ್ತಾಳೆ ಅಂದ್ಲು. ಇಂಟರ್‌ವಲ್ ಮುಗೀತು. ಬತ್ತಾಳೆ ತಡಿ ಅಂದ್ಲು. ಊಟದ್ ಬೆಲ್ ಹೊಡಿಯೋ ಗಂಟ ಅದೇ ಮಾತು.”

ಧನು ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಾದ ಮೇಲೆ ತನ್ನ ಬೆರಳುಗಳನ್ನು ಕಡ್ಡಿಯಂತೆ ನೆಟ್ಟಗೆ ಮಾಡಿಕೊಂಡಳು. ಒಂದನ್ನೂ ಮಡಚದೆ ಮೊಟ್ಟೆಯನ್ನು ಎರಡು ಅಂಗೈಗಳ ನಡುವೆ ಹಿಡಿದಳು. ಕಲ್ಲಿಗೆ ತಟ್ಟಿದಳು. ಬಿರುಕು ಬಿಟ್ಟಿತು. ಉಗುರು ಹಾಕಬೇಕು. ಬೆರಳು ಮಡಚದೆ ಉಗುರು ಹೋಗುವುದಿಲ್ಲ. ಇನ್ನೊಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. ಮೊಟ್ಟೆ ಜಾರಿ, ಮೆಟ್ಟಿಲಿಂದ ಉರುಳಿ, ಮಣ್ಣಿಗೆ ಹೋಯಿತು.

ಅವಳಿಗೆ ಬೇಕಾದಾಗ ಬೆರಳು ಮಡಚಬಹುದಿತ್ತು. ಮಡಚಿದಳು. ಬಿಡಿಸಿದಳು. ಮತ್ತೆ ಮಡಚಿದಳು.

*

ಸಂಜೆ ಮನೆಗೆ ಬಂದ ಮೇಲೆ ಧನು ಔಷಧಿ ಡಬ್ಬ ತೆಗೆದು ನೋಡಿದಳು. ಕೆಂಪು ಮಾತ್ರೆಯ ಹಾಳೆಯಲ್ಲಿ ಎರಡು ಗುಳಿ ಹೊಸದಾಗಿ ಖಾಲಿಯಾಗಿದ್ದವು.

“ನಿನ್ನೆ ತಗಂಡಾ? ಎರಡಾ? ಡಾಕ್ಟ್ರು ಒಂದೇ ಅಂದಿದ್ರು.”

“ಒಂದಕ್ಕೆ ಆಗ್ಲಿಲ್ಲ.”

“ಬರಲ್ಲ ಅನ್ಬೋದಿತ್ತಲ್ಲ ಲಕ್ಷ್ಮಕ್ಕಂಗೆ.”

“ಬರಲ್ಲ ಅಂದ್ರೆ ಯಾಕೆ ಅಂತಾರೆ.” ಅಮ್ಮ ಡಬ್ಬ ಮುಚ್ಚಿ ಪಕ್ಕಕ್ಕಿಟ್ಟಳು. “ಅದೂ ಅಲ್ದೆ, ನನ್ ಕೈ ಬೆಣ್ಣೆ ಅಂದ್ಲಲ್ಲ. ಬಾಳ ದಿನ ಆಗಿತ್ತು ಯಾರೂ ಅಂಗಂದು.”

ಶುಕ್ರವಾರ ಶಾಲೆಯಲ್ಲಿ ಅಮ್ಮನ ಕೆಲಸದ ಬಗ್ಗೆ ಮೀಟಿಂಗು ನಡೆಯಿತು. ಅಮ್ಮ ತುಮಕೂರಿನ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ತೆಗೆದುಕೊಂಡು ಹೋದಳು. ತಿರುಗಿ ಬಂದಾಗ ಕವರನ್ನು ಮೊಳೆಗೆ ನೇತುಹಾಕಿ, ಗೋಡೆಗೆ ಒರಗಿ ಕೂತಳು.

“ಒಂದನೇ ತಾರೀಕಿಂದ ಅಡುಗೆಗೆ ನನ್ ಬದ್ಲು ಸರ್ವಮಂಗಳಾ ಬತ್ತಾಳಂತೆ. ಮೇಷ್ಟ್ರು ಬೇಜಾರು ಮಾಡ್ಕಂಡ್ರು. ಮೊಟ್ಟೆ ಬ್ಯಾಡ, ತರಕಾರಿ ಹೆಚ್ಲಿ ಅಂದ್ರು ಒಬ್ರು. ಹೆಚ್ಚಾಕೂ ಕೈಯೇ ಬೇಕಲ್ಲ.”

“ನಾನು ಅವತ್ತು ಬಂದಿದ್ರೆ...”

“ಬಂದಿದ್ರೆ ಇನ್ನೊಂದು ತಿಂಗಳು. ಅಷ್ಟೇ ಕಣಮ್ಮಿ.”

ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ಅದಕ್ಕೇ ಧನು ಅದನ್ನು ನಂಬಿದಳು.

ಹೊರಗೆ ಬೆಟ್ಟದ ನೆರಳು ಹಟ್ಟಿಯ ಮೇಲೆ ಬೀಳುತ್ತಿತ್ತು. ಅಮ್ಮ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಬೆರಳು ಮಡಚಿದಳು. ಪೂರ್ತಿ ಅಲ್ಲ, ಮುಕ್ಕಾಲು ಬಂತು.

“ಬಾಚಣಿಗೆ ತಗಂಬಾ,” ಎಂದಳು.

“ಈಗ್ಲಾ? ಕತ್ಲಾಗ್ತಾ ಐತೆ.”

“ಈಗ್ಲೇ. ನಾಳಿಕೆ ಈಗ್ಲೇ ಹಾಕ್ಬುಡ್ತೀನಿ.”

ಧನು ಅಮ್ಮನ ಮುಂದೆ ಕೂತಳು. ಅಮ್ಮ ನಿಧಾನವಾಗಿ ಬೈತಲೆ ತೆಗೆದಳು. ನಡುನಡುವೆ ಕೈ ನಿಲ್ಲುತ್ತಿತ್ತು. ಉಸಿರು ಬಿಡುವ ಸದ್ದು ಕೇಳುತ್ತಿತ್ತು. ಆಗ ಧನು ತಲೆ ಅಲ್ಲಾಡಿಸದೆ ಕಾಯುತ್ತಿದ್ದಳು. ಮತ್ತೆ ಬೆರಳು ಚಲಿಸುತ್ತಿದ್ದವು. ಎಡಗಡೆ ಒಂದು, ಬಲಗಡೆ ಒಂದು. ಎರಡೂ ಸಮ.

ಮಲಗುವಾಗ ಧನು ಜಡೆಗಳನ್ನು ಎದೆಯ ಮೇಲೆ ತಂದುಕೊಂಡಳು. ಮಗ್ಗುಲು ಬದಲಿಸಲಿಲ್ಲ.

ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿತ್ತು. ಎಡಕ್ಕೆ ತಿರುಗಿಸಿದರೆ ಚುಳುಕ್ ಎನ್ನುತ್ತಿತ್ತು. ಕನ್ನಡಿಯಲ್ಲಿ ನೋಡಿಕೊಂಡಳು. ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಜಡೆ ಎರಡೂ ನೆಟ್ಟಗಿದ್ದವು.

ಅಮ್ಮನಿಗೆ ಅದನ್ನು ಹೇಳಲಿಲ್ಲ. ಬೋಗುಣಿಗೆ ನೀರು ಸುರಿದು, ಉಪ್ಪು ಹಾಕಿ, ಪಕ್ಕದಲ್ಲಿ ಕೂತಳು. ತೋರುಬೆರಳನ್ನು ಅಮ್ಮನ ಅಂಗೈ ಮೇಲಿಟ್ಟಳು.

ಅಮ್ಮನ ಬೆರಳುಗಳು ಹೊರಟವು. ಅರ್ಧ ದಾರಿಗೂ ಬರಲಿಲ್ಲ.

ನಿನ್ನೆ ಇದಕ್ಕಿಂತ ಗಟ್ಟಿ ಇತ್ತು ಎಂದು ಧನು ಈ ಸಲ ಹೇಳಲಿಲ್ಲ. ತನ್ನ ಬೆರಳನ್ನು ಅಲ್ಲೇ ಬಿಟ್ಟು, ನೀರು ಬಿಸಿ ಇದೆಯೇ ಎಂದು ಇನ್ನೊಂದು ಕೈಯಿಂದ ಮುಟ್ಟಿ ನೋಡಿದಳು.